ಒಂದು ಚಮಚ ನೆತ್ತರು

ಈ ಸ್ಮರಣ ಸಂಚಿಕೆಗೆ ಒಂದು ಲೇಖನ ಬರೆದುಕೊಡಬೇಕೆಂದು ಸಂಪಾದಕ ಮಂಡಳಿಯವರು ಹಳೆಯ ವಿದ್ಯಾರ್ಥಿಯಾದ ನನ್ನನ್ನು ಕೇಳಿದಾಗ, ಇಂಥ ಸಂಚಿಕೆಗಳಿಗೆ ಭೂಷಣಪ್ರಾಯವಾದ ಸಾಹಿತ್ಯ, ಇತಿಹಾಸ, ಅಧ್ಯಾತ್ಮಗಳನ್ನು ಕುರಿತು ಬರೆಯುವ ಅಧಿಕಾರ ನನಗಿಲ್ಲವೆಂದು ವಿನಂತಿಸಿಕೊಂಡೆ. "ಹಾಗಾದರೆ ನಿಮ್ಮ ವೃತ್ತಿಯನ್ನು ಕುರಿತೇ ಬರೆಯಿರಿ" ಎಂದರು. ನನ್ನ ವೃತ್ತಿಯೆಂದರೆ ರೋಗಿಗಳ ತೋಳಿನಿಂದ ಪರೀಕ್ಷಾರ್ಥವಾಗಿ ರಕ್ತ ತೆಗೆಯುವುದು. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಈ ಐದು ಸೀಮೆಗಳಲ್ಲಿ ಪ್ರಯೋಗಶಾಲಾ ತಂತ್ರಜ್ಞನಾಗಿ 35 ವರ್ಷಗಳ ಕಾಲ ಮಾಡಿದ್ದು ಇದನ್ನೇ.

ಜನರು ಇದನ್ನು ಒಂದು ವಿದ್ಯೆಯೆಂದು ಎಣಿಸುವುದಿಲ್ಲ. ವೈದ್ಯರು ದೊಡ್ಡವರು, ಯಂತ್ರ ಅವರಿಗಿಂತ ದೊಡ್ಡದು, ನಡುವೆ ಸೂಜಿ ಚುಚ್ಚುವವನು ಲೆಕ್ಕಕ್ಕಿಲ್ಲದವನು. ಆದರೆ ಯಂತ್ರವು ತನಗೆ ಕೊಟ್ಟದ್ದನ್ನು ಅಳೆಯುತ್ತದೆಯೇ ಹೊರತು, ಇದು ಯಾರ ರಕ್ತ, ಹೇಗೆ ತೆಗೆದದ್ದು, ಎಷ್ಟು ಹೊತ್ತು ಬಿಸಿಲಿನಲ್ಲಿ ಬಿದ್ದಿತ್ತು ಎಂದು ಮರಳಿ ಕೇಳುವುದಿಲ್ಲ. ತಪ್ಪು ಮಾದರಿಗೂ ಅದು ದಶಾಂಶ ಸಹಿತವಾಗಿ ಉತ್ತರ ಕೊಡುತ್ತದೆ. ಆ ಉತ್ತರ ನಿಜವಾಗುವುದೋ ಸುಳ್ಳಾಗುವುದೋ ಎಂಬುದು ರೋಗಿಯ ಮಗ್ಗುಲಲ್ಲಿ ಕಳೆಯುವ ನಾಲ್ಕೈದು ನಿಮಿಷಗಳಲ್ಲಿಯೇ ಬಹುಮಟ್ಟಿಗೆ ತೀರ್ಮಾನವಾಗಿರುತ್ತದೆ. ಗುಡೇಕೋಟೆಯ ಕಡೆಯಿಂದ ಕೂಡ್ಲಿಗಿಗೋ, ಉಚ್ಚಂಗಿದುರ್ಗದಿಂದ ಹರಪನಹಳ್ಳಿಗೋ, ಮೈಲಾರದಿಂದ ಹಡಗಲಿಗೋ ಬಸ್ಸು ಹಿಡಿದು ಬಂದ ಕೂಲಿಕಾರನಿಗೆ "ಮಾದರಿ ಕೆಟ್ಟಿದೆ, ನಾಳೆ ಬನ್ನಿ" ಎಂದು ಹೇಳುವುದು ಸುಲಭ. ಆ ಮಾತಿಗೆ ಅವನು ತೆರುವ ಬೆಲೆ ಇನ್ನೊಂದು ದಿನದ ಕೂಲಿ, ಇನ್ನೊಂದು ಸಲದ ಬಸ್ ಚಾರ್ಜು. ಎಷ್ಟೋ ಜನ ಆ 'ನಾಳೆ' ಬರುವುದೇ ಇಲ್ಲ. ಮೊದಲ ಸಲವೇ ಸರಿಯಾಗಿ ತೆಗೆಯಬೇಕೆಂಬ ಹಟ ನನಗೆ ಹುಟ್ಟಿದ್ದು ಪುಸ್ತಕದಿಂದಲ್ಲ, ಹಾಗೆ ಬಾರದೆ ಹೋದವರ ಚೀಟಿಗಳು ಮೇಜಿನ ಮೇಲೆ ಉಳಿಯುತ್ತಿದ್ದುದರಿಂದ.

ನಾನು ಕೆಲಸಕ್ಕೆ ಸೇರಿದ 1970ರ ದಶಕದ ಕೊನೆಯ ಭಾಗದಲ್ಲಿ ನಮ್ಮ ಆಯುಧಗಳೆಲ್ಲ ಗಾಜಿನವು. ಬೆಳಿಗ್ಗೆ ಬಂದೊಡನೆ ಸಿರಿಂಜು, ಸೂಜಿಗಳನ್ನು ನೀರಿನಲ್ಲಿ ಕುದಿಸಲು ಇಡುವುದೇ ಮೊದಲ ಕೆಲಸ. ಮೊಂಡಾದ ಸೂಜಿಗಳನ್ನು ಕಲ್ಲಿಗೆ ತೀಡಿ ಚೂಪುಗೊಳಿಸುತ್ತಿದ್ದೆವು. ಪೆನಿಸಿಲಿನ್ ಚುಚ್ಚುಮದ್ದಿನ ಪುಟ್ಟ ಸೀಸೆಗಳನ್ನೇ ತೊಳೆದು ಒಣಗಿಸಿ ರಕ್ತ ಹಿಡಿಯಲು ಬಳಸುತ್ತಿದ್ದುದುಂಟು. ಸೀಸೆಯಲ್ಲಿ ಒಂದು ಹನಿ ನೀರು ಉಳಿದರೂ ಕೆಂಪುಕಣಗಳು ಒಡೆದು ಮಾದರಿ ಕೆಡುತ್ತಿತ್ತು. ಊರೂರುಗಳಲ್ಲಿ ಜನರಿಗೆ ಹೆಚ್ಚು ಪರಿಚಿತರಾಗಿದ್ದವರು 'ಮಲೇರಿಯಾದವರು'. 1958ರಲ್ಲಿ ಆರಂಭವಾದ ರಾಷ್ಟ್ರೀಯ ಮಲೇರಿಯಾ ನಿರ್ಮೂಲನ ಕಾರ್ಯಕ್ರಮದ ಈ ಕಾರ್ಯಕರ್ತರು ಹದಿನೈದು ದಿನಕ್ಕೊಮ್ಮೆ ಮನೆಮನೆಗೆ ಬಂದು, ಜ್ವರ ಬಂದವರ ಬೆರಳು ಚುಚ್ಚಿ, ಗಾಜಿನ ಪಟ್ಟಿಯ ಮೇಲೆ ದಪ್ಪ ಲೇಪ ಒಂದನ್ನೂ ತೆಳು ಲೇಪ ಒಂದನ್ನೂ ಎಳೆದು, ಕ್ಲೋರೋಕ್ವಿನ್ ಗುಳಿಗೆ ಕೊಟ್ಟು ಹೋಗುತ್ತಿದ್ದರು. ದಪ್ಪ ಲೇಪದಲ್ಲಿ ರೋಗಾಣು ಇದೆಯೇ ಎಂದು ನೋಡುವುದು, ತೆಳು ಲೇಪದಲ್ಲಿ ಅದು ಯಾವ ಜಾತಿಯದೆಂದು ನೋಡುವುದು. ಎಡಗೈಯ ಉಂಗುರಬೆರಳ ತುದಿಯ ಮಗ್ಗುಲಿಗೆ ಚುಚ್ಚಬೇಕು, ಮೊದಲ ಹನಿಯನ್ನು ಒರೆಸಬೇಕು, ಬೆರಳನ್ನು ಹಿಂಡಬಾರದು. ಈ ಮೂರು ಮಾತುಗಳಲ್ಲಿ ಮೂರನೆಯದೇ ಹೆಚ್ಚಾಗಿ ಮುರಿಯುತ್ತಿದ್ದುದು. ಹಿಂಡಿದಾಗ ಮಾಂಸದೊಳಗಿನ ನೀರೂ ಹನಿಯೊಡನೆ ಬೆರೆತು ರಕ್ತ ತೆಳುವಾಗುತ್ತದೆ. ಅದೇ ಹನಿಯಿಂದ ಗರ್ಭಿಣಿಯ ಹಿಮೋಗ್ಲೋಬಿನ್ ಅಳೆದರೆ, 11 ಗ್ರಾಂ ಇದ್ದವಳೂ ರಕ್ತಹೀನತೆಯ ಪಟ್ಟಿಗೆ ಸೇರುತ್ತಾಳೆ.

ರಕ್ತ ಕೊಡುವುದಕ್ಕೆ ಜನ ಹೆದರುವುದು ನಮ್ಮ ಸೀಮೆಯ ವಿಶೇಷವೇನೂ ಅಲ್ಲ. ಕೆಲಕಾಲ ಬೆಂಗಳೂರಿನಲ್ಲಿಯೂ ಕೆಲಸಮಾಡಿದ್ದ ರೊನಾಲ್ಡ್ ರಾಸ್, ಸೊಳ್ಳೆಯ ಹೊಟ್ಟೆಯಲ್ಲಿ ಮಲೇರಿಯಾ ರೋಗಾಣುವನ್ನು 1897ರಲ್ಲಿ ಸಿಕಂದರಾಬಾದಿನಲ್ಲಿ ಕಂಡ ಮಹಾಶಯನು, ಮರುವರ್ಷ ಕಲ್ಕತ್ತೆಗೆ ಹೋದಾಗ ಪ್ಲೇಗಿನ ಭಯದಿಂದಿದ್ದ ಜನರು ಬೆರಳು ಚುಚ್ಚಿಸಿಕೊಳ್ಳಲು ಒಪ್ಪಲಿಲ್ಲ. ಆತ ಹಕ್ಕಿಗಳ ರಕ್ತಕ್ಕೆ ಮೊರೆಹೋಗಿ ತನ್ನ ಸಂಶೋಧನೆಯನ್ನು ಮುಗಿಸಬೇಕಾಯಿತು. ನಮ್ಮಲ್ಲಿ ಅಂಥ ಭಯ ಮಾತಿನ ರೂಪದಲ್ಲಿ ಹೊರಬೀಳುತ್ತಿತ್ತು. "ಇರೋದೇ ಒಂದು ಹಿಡಿ ರಕ್ತ, ಅದರಾಗ ಇಷ್ಟು ತಕ್ಕಂಡ್ರ ಹೆಂಗ ತಮ್ಮಾ?" ಎಂದು ಕೇಳದ ಮುದುಕಿಯೇ ಇಲ್ಲವೆನ್ನಬಹುದು. "ಒಂದು ಚಮಚ ಅಷ್ಟೇ ಅವ್ವಾ, ಮೈಯಾಗ ಕೊಡದಷ್ಟು ಐತಿ" ಎನ್ನುತ್ತಿದ್ದೆ. ಲೆಕ್ಕದಲ್ಲಿ ತುಸು ಅತಿಶಯೋಕ್ತಿ ಇರಬಹುದು. ವಯಸ್ಕರ ಮೈಯಲ್ಲಿ ಸುಮಾರು 5 ಲೀಟರ್ ರಕ್ತವಿರುತ್ತದೆ; ಸಾಮಾನ್ಯ ಪರೀಕ್ಷೆಗೆ ತೆಗೆಯುವುದು 5 ಮಿಲಿಲೀಟರ್, ಎಂದರೆ ಸಾವಿರದಲ್ಲಿ ಒಂದು ಪಾಲು. ಈ ಮಾತನ್ನು ಸೂಜಿ ತೋರಿಸುವ ಮೊದಲು ಹೇಳಬೇಕು. ಅನಂತರ ಹೇಳಿದರೆ ಅದು ಕಿವಿಗೆ ಬೀಳುವುದಿಲ್ಲ.

ಇನ್ನು ತೋಳಿನ ವಿಚಾರ. ನಮ್ಮ ಜನರು ರಕ್ತನಾಳವನ್ನು 'ನರ' ಎನ್ನುತ್ತಾರೆ. "ನರ ಸಿಗವಲ್ದು" ಎಂದು ನಾವೂ ಹಾಗೆಯೇ ಹೇಳುತ್ತೇವೆ. ನಿಜವಾದ ನರ ಬೇರೆಯೇ ಇದೆ, ಅದೂ ಮೊಣಕೈಯ ಒಳಮಗ್ಗುಲಲ್ಲಿ, ಶುದ್ಧರಕ್ತ ಹರಿಯುವ ಅಪಧಮನಿಯ ಜೊತೆಯಲ್ಲೇ ಇದೆ ಎಂಬುದನ್ನು ಮರೆಯಬಾರದು. ಆದಕಾರಣ ಮೊಣಕೈಯ ಮಡಿಕೆಯ ನಡುವೆ ಹಾದುಹೋಗುವ ನಾಳವೇ ಮೊದಲ ಆಯ್ಕೆ, ಹೊರಮಗ್ಗುಲಿನದು ಎರಡನೆಯದು, ಒಳಮಗ್ಗುಲಿನದು ಕೊನೆಯದು. ಚುಚ್ಚಿದೊಡನೆ ರೋಗಿಯು ಕರೆಂಟು ಹೊಡೆದಂತಾಯಿತೆಂದು ಚೀರಿದರೆ ಸೂಜಿಯನ್ನು ಅಲ್ಲಿಯೇ ತಿರುಗಿಸಿ ಹುಡುಕದೆ ತಕ್ಷಣ ಹೊರತೆಗೆಯಬೇಕು. ನಾಳವನ್ನು ಕಣ್ಣಿನಿಂದ ನೋಡುವುದಕ್ಕಿಂತ ಬೆರಳಿನಿಂದ ನೋಡುವುದು ಲೇಸು. ಬಿಸಿಲಿನಲ್ಲಿ ಕಪ್ಪಿಟ್ಟ ರೈತನ ತೋಳಿನಲ್ಲಿ, ಹಚ್ಚೆ ಹೊಯ್ಸಿಕೊಂಡ ಮುದುಕಿಯ ಮುಂಗೈಯಲ್ಲಿ ಕಣ್ಣಿಗೆ ಏನೂ ಕಾಣುವುದಿಲ್ಲ. ಒತ್ತಿದರೆ ಬೆರಳಿಗೆ ಪುಟಿಯುತ್ತದೆ. ಹರಪನಹಳ್ಳಿ, ಕೂಡ್ಲಿಗಿ ಭಾಗದ ತಾಂಡಾಗಳ ಹಿರಿಯ ಹೆಣ್ಣುಮಕ್ಕಳ ತೋಳು ತುಂಬ ಬಿಳಿಯ ಬಳೆಗಳಿರುತ್ತವೆ. ಮೊಣಕೈಯ ಮೇಲೆ ರಬ್ಬರ್ ಪಟ್ಟಿ ಕಟ್ಟಲು ಅಲ್ಲಿ ತೆರವೇ ಇಲ್ಲ. ಬಳೆ ತೆಗೆ ಎಂದು ಗದರಿಸುವ ಕಿರಿಯ ಸಹೋದ್ಯೋಗಿಗಳನ್ನು ಕಂಡಿದ್ದೇನೆ. ಮುತ್ತೈದೆಗೆ ಆ ಮಾತು ಎಷ್ಟು ನೋವಾದೀತೆಂಬುದು ಅವರಿಗೆ ತಿಳಿಯದು. ಮುಂಗೈಗೆ ಪಟ್ಟಿ ಕಟ್ಟಿ, ಹಸ್ತದ ಹಿಂಬದಿಯ ನಾಳದಿಂದ ಸಣ್ಣ ಸೂಜಿಯಲ್ಲಿ ತೆಗೆದರೆ ಕೆಲಸವೂ ಆಗುತ್ತದೆ, ಮರ್ಯಾದೆಯೂ ಉಳಿಯುತ್ತದೆ.

ಪಟ್ಟಿಯನ್ನು ಚುಚ್ಚುವ ಜಾಗದಿಂದ ನಾಲ್ಕು ಬೆರಳು ಮೇಲೆ ಕಟ್ಟಬೇಕು, ಒಂದು ನಿಮಿಷಕ್ಕಿಂತ ಹೆಚ್ಚು ಬಿಗಿದಿಡಬಾರದು. ಬಿಗಿದಿಟ್ಟು ಹುಡುಕುತ್ತ ನಿಂತರೆ ನಾಳದೊಳಗಿನ ನೀರು ಹೊರಸೋರಿ ರಕ್ತ ಗಟ್ಟಿಯಾಗುತ್ತದೆ, ಪ್ರೋಟೀನು, ಕ್ಯಾಲ್ಸಿಯಂಗಳ ಅಳತೆ ಏರುತ್ತದೆ. ಮುಷ್ಟಿಯನ್ನು ಮತ್ತೆ ಮತ್ತೆ ಬಿಗಿದು ಬಿಡುವಂತೆ ಹೇಳುವ ರೂಢಿಯೊಂದಿದೆ. ಅದರಿಂದ ಪೊಟ್ಯಾಸಿಯಂ ಏರುತ್ತದೆ. ಸ್ಪಿರಿಟ್ಟು ಹಚ್ಚಿದ ಮೇಲೆ 30 ಸೆಕೆಂಡು ತಾನಾಗಿ ಆರಲು ಬಿಡಬೇಕು. ಆ ಅರ್ಧ ನಿಮಿಷ ಕಾಯಲಾರದೆ ಬಾಯಿಂದ ಊದುವವರನ್ನೂ, ಶುದ್ಧಮಾಡಿದ ಜಾಗವನ್ನು ಮತ್ತೆ ಬೆರಳಿಂದ ಮುಟ್ಟಿ ನೋಡುವವರನ್ನೂ ನಾನು ಇಂದಿಗೂ ಕಾಣುತ್ತೇನೆ. ಊದಿದರೆ ಹಚ್ಚಿದ್ದು ವ್ಯರ್ಥ. ಸೂಜಿಯ ಓರೆಬಾಯಿ ಮೇಲ್ಮುಖವಾಗಿರಬೇಕು, ಚರ್ಮಕ್ಕೆ 30 ಡಿಗ್ರಿ ಮೀರದ ಓರೆಯಲ್ಲಿ ಹೋಗಬೇಕು. ಸೂಜಿ ಹೊರಬರುವ ಮೊದಲು ಪಟ್ಟಿ ಬಿಚ್ಚಿರಬೇಕು. ಎರಡು ಸಲ ಚುಚ್ಚಿಯೂ ಸಿಗದಿದ್ದರೆ ಮೂರನೆಯ ಸಲ ಬೇರೊಬ್ಬರ ಕೈಗೆ ಬಿಡುವುದು ಸಭ್ಯತೆ. ಡ್ರಿಪ್ ಹಾಕಿದ ತೋಳಿನಿಂದ ಎಂದೂ ತೆಗೆಯಬಾರದು. ಬರುವುದು ರಕ್ತವೂ ಹೌದು, ಗ್ಲೂಕೋಸೂ ಹೌದು.

ಇವೆಲ್ಲಕ್ಕಿಂತ ದೊಡ್ಡ ಗಂಡಾಂತರ ನಮ್ಮ ಸೀಮೆಯಲ್ಲಿ ಸೂಜಿಯಿಂದ ಬರುವುದಿಲ್ಲ, ಹೆಸರಿನಿಂದ ಬರುತ್ತದೆ. ಕೊಟ್ಟೂರಿನ ಸುತ್ತ ಮನೆಗೊಬ್ಬ ಕೊಟ್ರೇಶ, ಕೇರಿಗೆ ನಾಲ್ವರು ಕೊಟ್ರಮ್ಮಂದಿರು. ಹಡಗಲಿಯ ಕಡೆ ಮೈಲಾರಪ್ಪ, ಹರಪನಹಳ್ಳಿಯ ಕಡೆ ಗೋಣೆಪ್ಪ, ಉಚ್ಚೆಂಗೆಮ್ಮ, ಉಜ್ಜಿನಿಯ ಸುತ್ತ ಮರುಳಸಿದ್ದಪ್ಪ. ದೈವಭಕ್ತಿಯಿಂದ ಇಟ್ಟ ಈ ಹೆಸರುಗಳು ಪ್ರಯೋಗಶಾಲೆಯಲ್ಲಿ ಒಂದೇ ಸಾಲಿನಲ್ಲಿ ಬಂದು ನಿಂತಾಗ ಎದೆ ಡವಗುಟ್ಟುತ್ತದೆ. ಅದರ ಮೇಲೆ ನಮ್ಮ ಹಿರಿಯರಿಗೆ ಆಸ್ಪತ್ರೆಯವರು ಏನು ಕೇಳಿದರೂ "ಹೂನಪ್ಪಾ" ಎನ್ನುವ ವಿನಯ. "ನೀವು ಕೊಟ್ರಮ್ಮ ಅಲ್ಲವೇ?" ಎಂದರೆ ಹಾಲಮ್ಮನೂ ಹೂಂ ಎನ್ನುತ್ತಾಳೆ. ಆದ್ದರಿಂದ ಹೆಸರನ್ನು ನಾವು ಹೇಳಬಾರದು, ಅವರ ಬಾಯಿಂದಲೇ ಹೇಳಿಸಬೇಕು. ಗಂಡನ ಹೆಸರು ಕೇಳಿದರೆ ಹಳೆಯ ಕಾಲದ ಹೆಣ್ಣುಮಗಳು ನಾಚಿ ಸೆರಗು ಬಾಯಿಗೆ ಅಡ್ಡ ಹಿಡಿಯುತ್ತಾಳೆ. ಪಕ್ಕದವರು ಹೇಳಬೇಕು, ಅವರು ಹೇಳಿದ್ದು ತಪ್ಪೂ ಇರಬಹುದು. ತಂದೆಯ ಹೆಸರು, ತವರೂರು, ಮಕ್ಕಳೆಷ್ಟು ಎಂದು ಕೇಳಿದರೆ ತಾನಾಗಿ ಉತ್ತರ ಬರುತ್ತದೆ. ಜಿಲ್ಲೆಯ ಹೆಸರನ್ನು ಮಾತ್ರ ಗುರುತಿಗೆ ನೆಚ್ಚುವಂತಿಲ್ಲ. ಹರಪನಹಳ್ಳಿಯವರ ಚೀಟಿಯಲ್ಲಿ 1997ರ ತನಕ ಬಳ್ಳಾರಿ, ಅನಂತರ ದಾವಣಗೆರೆ, 2018ರಲ್ಲಿ ಮತ್ತೆ ಬಳ್ಳಾರಿ, 2021ರಿಂದ ವಿಜಯನಗರ!

ಒಂದು ಪ್ರಸಂಗ ಹೇಳಬೇಕು. ಆಸ್ಪತ್ರೆಯ ಹೆಸರು ಬೇಡ. ಹೆರಿಗೆಗೆ ಬಂದ ಒಬ್ಬಾಕೆಗೆ ರಕ್ತ ಕೊಡಬೇಕಾಗಿತ್ತು. ವಾರ್ಡಿನಿಂದ ಬಂದ ನಳಿಕೆಯಲ್ಲಿದ್ದುದು ಬಿ ಗುಂಪಿನ ರಕ್ತ. ಆಕೆಯ ತಾಯಿ ಕಾರ್ಡಿನಲ್ಲಿ ಓ ಗುಂಪು ಎಂದು ಬರೆದಿತ್ತು. ಕಾರ್ಡಿನಲ್ಲಿ ಬರೆದದ್ದೇ ತಪ್ಪಿರಬೇಕೆಂದು ಜೊತೆಯಲ್ಲಿದ್ದವರು ಅವಸರಪಡಿಸಿದರು. ನಾನು ಒಪ್ಪದೆ ಮೇಲಕ್ಕೆ ಹೋಗಿ ಆಕೆಯ ಬಾಯಿಂದ ಹೆಸರು, ಊರು ಕೇಳಿ ಹೊಸದಾಗಿ ರಕ್ತ ತೆಗೆದು ನೋಡಿದೆ, ಓ ಗುಂಪೇ. ಎರಡು ಹಾಸಿಗೆಗಳಾಚೆ ಅದೇ ಹೆಸರಿನ ಇನ್ನೊಬ್ಬಾಕೆ ಮಲಗಿದ್ದಳು. ಬೆಳಿಗ್ಗೆಯೇ ಎಲ್ಲ ನಳಿಕೆಗಳಿಗೂ ಹೆಸರು ಅಂಟಿಸಿ ತಟ್ಟೆಯಲ್ಲಿಟ್ಟುಕೊಂಡು ಯಾರೋ ವಾರ್ಡು ಸುತ್ತಿದ್ದರು. 1901ರಲ್ಲಿ ಕಾರ್ಲ್ ಲ್ಯಾಂಡ್‌ಸ್ಟೈನರ್ ರಕ್ತದ ಗುಂಪುಗಳನ್ನು ವಿಂಗಡಿಸಿದ ಮೇಲೆ ಗುಂಪು ಕಂಡುಹಿಡಿಯುವುದು ಮಕ್ಕಳಾಟವಾಗಿದೆ. ಆದರೆ ಓ ಗುಂಪಿನವರ ಮೈಗೆ ಬಿ ಗುಂಪಿನ ರಕ್ತ ಸೇರಿದರೆ ಆ ಕಣಗಳು ಒಡೆದು, ಮೂತ್ರಪಿಂಡ ಕೆಟ್ಟು, ಪ್ರಾಣವೇ ಹೋಗಬಹುದು. ಆ ದಿನ ಎರಡು ಜೀವಗಳು, ಹೊಟ್ಟೆಯಲ್ಲಿದ್ದುದನ್ನೂ ಎಣಿಸಿ ಹೇಳುತ್ತೇನೆ, ಒಂದು ಅಂಗುಲದ ಚೀಟಿಯ ಮೇಲೆ ನಿಂತಿದ್ದವು. ರಕ್ತ ತೆಗೆದ ಮೇಲೆ, ರೋಗಿಯ ಮುಂದೆ ನಿಂತೇ, ಹೆಸರು ಬರೆಯಬೇಕು. ಮೊದಲೇ ಬರೆದಿಡಬಾರದು, ಮೇಜಿಗೆ ಮರಳಿದ ಮೇಲೂ ಬರೆಯಬಾರದು. ಸುರಕ್ಷಿತ ರಕ್ತಸಂಗ್ರಹಣೆಗಾಗಿ ವಿಶ್ವ ಆರೋಗ್ಯ ಸಂಸ್ಥೆಯು 2010ರಲ್ಲಿ ಮಾರ್ಗಸೂಚಿಯ ಪುಸ್ತಕವನ್ನೇ ಹೊರತಂದಿತು. ಅದರಲ್ಲಿರುವ ಎಲ್ಲ ನಿಯಮಗಳಲ್ಲಿ ರೋಗಿಯ ಗುರುತಿನ ನಿಯಮಕ್ಕೇ ನಾನು ಮೊದಲ ಮಣೆ ಹಾಕುವವನು.

ಈಗ ಗಾಳಿ ಹೀರಿ ತೆಗೆದ, ಬಣ್ಣಬಣ್ಣದ ಮುಚ್ಚಳದ ನಳಿಕೆಗಳು ಬಂದಿವೆ. ಪ್ರತಿ ಬಣ್ಣಕ್ಕೂ ಒಳಗೊಂದು ಔಷಧಿ. ತಿಳಿನೀಲಿ ಮೊದಲು, ಅನಂತರ ಕೆಂಪು ಅಥವಾ ಹಳದಿ, ಆಮೇಲೆ ಹಸಿರು, ನೇರಳೆ, ಕೊನೆಗೆ ಬೂದು; ಈ ಕ್ರಮ ತಪ್ಪಿದರೆ ಒಂದರ ಔಷಧಿ ಇನ್ನೊಂದಕ್ಕೆ ತಗಲುತ್ತದೆ. ಔಷಧಿಯುಳ್ಳ ನಳಿಕೆಯನ್ನು ಮೆಲ್ಲನೆ ತಲೆಕೆಳಗು ಮಾಡಿ ಬೆರೆಸಬೇಕು, ಮಜ್ಜಿಗೆ ಕಡೆದಂತೆ ಕುಲುಕಬಾರದು. ನಮ್ಮ ಭಾಗದ ಒಂದು ಖಾಸಗಿ ಪ್ರಯೋಗಶಾಲೆಯಲ್ಲಿ ಕೆಂಪು ಮುಚ್ಚಳದ ನಳಿಕೆಗೆ ರಕ್ತ ಸಾಲದೆ ಬಂದಾಗ, ನೇರಳೆ ಮುಚ್ಚಳದ್ದರಿಂದ ತುಸು ಸುರಿದು ತುಂಬಿಸಿದರಂತೆ. ನೇರಳೆಯಲ್ಲಿರುವುದು ಇಡಿಟಿಎ ಎಂಬ ಪೊಟ್ಯಾಸಿಯಂ ಲವಣ. ಅದು ಕ್ಯಾಲ್ಸಿಯಂ ಅನ್ನು ಕಟ್ಟಿಹಾಕುತ್ತದೆ. ವರದಿಯಲ್ಲಿ ಪೊಟ್ಯಾಸಿಯಂ ಎದೆಬಡಿತ ನಿಲ್ಲಿಸುವಷ್ಟು ಹೆಚ್ಚು, ಕ್ಯಾಲ್ಸಿಯಂ ಬದುಕಿರಲಾರದಷ್ಟು ಕಡಿಮೆ ಎಂದು ಬಂತು. ಮನೆಯವರು ಗಾಬರಿಯಿಂದ ಕೊರಳಿನದನ್ನು ಅಡವಿಟ್ಟು, ರಾತ್ರಿಯೇ ಬಾಡಿಗೆ ಕಾರು ಹಿಡಿದು ದೊಡ್ಡ ಊರಿಗೆ ಓಡಿದರು. ಅಲ್ಲಿ ಮತ್ತೆ ತೆಗೆದ ರಕ್ತದಲ್ಲಿ ಎಲ್ಲವೂ ಸರಿಯಾಗಿತ್ತು. ಆ ಎರಡು ಅಂಕೆಗಳನ್ನು ಜೊತೆಯಾಗಿ ನೋಡಿದೊಡನೆ ಅನುಭವಿಯಾದ ಯಾವ ತಂತ್ರಜ್ಞನಿಗೂ ಸಂಶಯ ಬರಬೇಕಾಗಿತ್ತು. ರೋಗಿ ಎದುರಿಗೆ ಎದ್ದು ಕೂತು ಚಹಾ ಕುಡಿಯುತ್ತಿದ್ದನಂತೆ!

ಬೂದು ಮುಚ್ಚಳದ ಬಗ್ಗೆ ಒಂದು ಮಾತು. ನಳಿಕೆಯೊಳಗೂ ರಕ್ತಕಣಗಳು ಬದುಕಿದ್ದು ಸಕ್ಕರೆಯನ್ನು ತಿನ್ನುತ್ತಲೇ ಇರುತ್ತವೆ. ಗಂಟೆಗೆ ಸುಮಾರು ನೂರಕ್ಕೆ 5ರಿಂದ 7ರಷ್ಟು ಸಕ್ಕರೆ ಇಳಿಯುತ್ತದೆ, ನಮ್ಮ ಚೈತ್ರ ವೈಶಾಖದ ಬಿಸಿಲಿನಲ್ಲಿ ಇನ್ನೂ ಹೆಚ್ಚು. ಹಳ್ಳಿಯ ಶಿಬಿರದಲ್ಲಿ ಬೆಳಿಗ್ಗೆ ಸಾದಾ ನಳಿಕೆಗೆ ತೆಗೆದ ರಕ್ತ ಮಧ್ಯಾಹ್ನ ತಾಲೂಕು ಕೇಂದ್ರ ಮುಟ್ಟುವಷ್ಟರಲ್ಲಿ ಮಧುಮೇಹಿಯೂ ನಿರೋಗಿಯಂತೆ ಕಾಣಬಹುದು. ಅದನ್ನು ತಡೆಯಲೆಂದೇ ಬೂದು ನಳಿಕೆಯಲ್ಲಿ ಫ್ಲೋರೈಡ್ ಇಟ್ಟಿರುತ್ತಾರೆ. ನಮ್ಮ ಸೀಮೆಯ ಕೊಳವೆಬಾವಿಗಳ ನೀರಿನಲ್ಲಿ ಸೇರಿ ಮಕ್ಕಳ ಹಲ್ಲು, ಮುದುಕರ ಮೂಳೆ ತಿಂದ ಅದೇ ಫ್ಲೋರೈಡ್ ಇಲ್ಲಿ ಉಪಕಾರಿಯಾಗಿದೆ.

ಭಯದ ಇನ್ನೊಂದು ಮುಖವನ್ನು ಹೇಳದಿದ್ದರೆ ಲೇಖನ ಅಪೂರ್ಣವಾದೀತು. 1986ರಲ್ಲಿ ಮದ್ರಾಸಿನ ವೈದ್ಯೆ ಡಾ. ಸುನೀತಿ ಸಾಲೊಮನ್ ಅವರ ಮಾರ್ಗದರ್ಶನದಲ್ಲಿ ಸೆಲ್ಲಪ್ಪನ್ ನಿರ್ಮಲಾ ಎಂಬ ವಿದ್ಯಾರ್ಥಿನಿಯು ಲೈಂಗಿಕ ವೃತ್ತಿಯಲ್ಲಿದ್ದ ಮಹಿಳೆಯರ ರಕ್ತ ಸಂಗ್ರಹಿಸಿ, ಮಾದರಿಗಳನ್ನು ತನ್ನ ಮನೆಯ ಫ್ರಿಜ್ಜಿನಲ್ಲಿಟ್ಟು, ವೆಲ್ಲೂರಿಗೆ ಒಯ್ದು ಪರೀಕ್ಷಿಸಿದಾಗ ಎಚ್.ಐ.ವಿ. ಸೋಂಕು ಭಾರತದಲ್ಲಿಯೂ ಇದೆಯೆಂದು ಮೊದಲು ತಿಳಿಯಿತು. ಆ ಮೇಲೆ ಕುದಿಸುವ ಸಿರಿಂಜು ಮರೆಯಾಗಿ ಒಮ್ಮೆ ಬಳಸಿ ಬಿಸಾಡುವ ಸೂಜಿ ಬಂದದ್ದು ದೊಡ್ಡ ಉಪಕಾರ. ಆದರೆ ಅದರೊಡನೆ ಒಂದು ಕೆಟ್ಟ ರೂಢಿಯೂ ಬಂತು. ದೇವದಾಸಿ ಪದ್ಧತಿಯ ಗಾಯ ಇನ್ನೂ ಮಾಯದ ಈ ಸೀಮೆಯಲ್ಲಿ, ಆ ಹೆಣ್ಣುಮಕ್ಕಳು ಸರದಿಯಲ್ಲಿ ಬಂದರೆ ಅವರನ್ನು ಕೊನೆಗೆ ಕೂಡಿಸುವುದು, ಅವರಿಗೆ ಮಾತ್ರ ಎರಡೆರಡು ಕೈಗವಸು ತೊಡುವುದು, ಚೀಟಿಯ ಮೇಲೆ ಕೆಂಪು ಗುರುತು ಹಾಕುವುದು ಕೆಲವೆಡೆ ನಡೆದದ್ದನ್ನು ಕಣ್ಣಾರೆ ಕಂಡಿದ್ದೇನೆ. ಇದು ಅವಿವೇಕವೂ ಹೌದು, ಅಪಾಯವೂ ಹೌದು. ಸೋಂಕು ಯಾರಲ್ಲಿದೆಯೆಂದು ಮುಖ ನೋಡಿ ತಿಳಿಯುವಂತಿಲ್ಲ. ಸೋಂಕಿತರ ಸೂಜಿ ಚುಚ್ಚಿದರೆ ಎಚ್.ಐ.ವಿ. ತಗಲುವ ಸಂಭವ ಸಾವಿರಕ್ಕೆ ಸುಮಾರು 3. ಲಸಿಕೆ ಪಡೆಯದವರಿಗೆ ಹೆಪಟೈಟಿಸ್ ಬಿ ತಗಲುವ ಸಂಭವ ನೂರಕ್ಕೆ 30ರವರೆಗೂ ಇದೆ. ಎರಡನೆಯದು ಊರ ಗೌಡರ ರಕ್ತದಲ್ಲಿಯೂ ಇರಬಹುದು, ಅವರಿಗಾಗಿ ಯಾರೂ ಎರಡು ಕೈಗವಸು ತೊಡಲಿಲ್ಲ. ದಾಸೋಹದಲ್ಲಿ ಪಂಕ್ತಿಭೇದವಿಲ್ಲದ ಮಠದ ಅಂಗಳದಲ್ಲಿ ಉಂಡು ಓದಿದವನು ನಾನು. ಸೂಜಿಯ ಮುಂದೆಯೂ ಪಂಕ್ತಿಭೇದ ಸಲ್ಲದು. ಹೊಸ ಸೂಜಿ ಎಲ್ಲರಿಗೂ, ಹೊಸ ಕೈಗವಸು ಎಲ್ಲರಿಗೂ, ಎಚ್ಚರ ಎಲ್ಲರ ಮುಂದೆಯೂ ಒಂದೇ.

ಈ ವೃತ್ತಿಗೆ ಬರುತ್ತಿರುವ ನಮ್ಮ ಶಾಲೆಯ ಮಕ್ಕಳಿಗಾಗಿ ಇಷ್ಟನ್ನು ಬರೆದಿಡುತ್ತೇನೆ. ಬಳಸಿದ ಸೂಜಿಗೆ ಮತ್ತೆ ಟೊಪ್ಪಿಗೆ ಹಾಕಲು ಹೋಗಬೇಡಿ. ಕೈಗೆ ಚುಚ್ಚಿಕೊಳ್ಳುವುದು ಹೆಚ್ಚಾಗಿ ಆಗಲೇ. 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮಗಳಂತೆ ಸೂಜಿಗೆ ಬಿಳಿಯ, ತೂತು ಬೀಳದ ಡಬ್ಬಿ ಇರುತ್ತದೆ. ಆ ಡಬ್ಬಿ ಕೈಗೆಟಕುವಲ್ಲಿ ಇರಲಿ. ಚುಚ್ಚಿಕೊಂಡರೆ ಬೆರಳನ್ನು ಬಾಯಲ್ಲಿಟ್ಟು ಚೀಪಬೇಡಿ, ಹಿಂಡಬೇಡಿ. ಸಾಬೂನು ಹಚ್ಚಿ ಹರಿಯುವ ನೀರಿನಲ್ಲಿ ತೊಳೆದು ಆ ಕ್ಷಣವೇ ವೈದ್ಯರಿಗೆ ತಿಳಿಸಿ. ಎಚ್.ಐ.ವಿ. ತಡೆಯುವ ಗುಳಿಗೆಗಳನ್ನು ಸಾಧ್ಯವಾದರೆ 2 ಗಂಟೆಯೊಳಗೆ, ಏನೇ ಆದರೂ 72 ಗಂಟೆಯೊಳಗೆ ಆರಂಭಿಸಿ 28 ದಿನ ನುಂಗಬೇಕು. ಬಯ್ಯುತ್ತಾರೆಂದು ಮುಚ್ಚಿಟ್ಟುಕೊಂಡು ಆ ಅವಧಿ ಕಳೆದುಕೊಂಡವರಿದ್ದಾರೆ. ಹೆಪಟೈಟಿಸ್ ಬಿ ಲಸಿಕೆಯ ಮೂರು ಚುಚ್ಚುಮದ್ದು, ಮೊದಲ ದಿನ, ತಿಂಗಳಿಗೆ, ಆರನೆಯ ತಿಂಗಳಿಗೆ, ಕೆಲಸಕ್ಕೆ ಸೇರುವ ಮೊದಲೇ ಮುಗಿದಿರುವುದು ಉತ್ತಮ.

ರಕ್ತ ಕೊಡುವವರಿಗೂ ಹೇಳುವುದಿದೆ. ನಿಮ್ಮ ಹೆಸರನ್ನು ತಂದೆಯ ಹೆಸರು, ಊರಿನೊಡನೆ ನೀವೇ ಹೇಳಿರಿ. ನಿಮ್ಮ ಕಣ್ಣೆದುರಿಗೇ ಹೊಸ ಸೂಜಿಯ ಕಾಗದ ಹರಿಯಲು ಕೇಳಿರಿ. ಹಿಂದೆ ಎಂದಾದರೂ ತಲೆಸುತ್ತಿ ಬಿದ್ದಿದ್ದರೆ ಮೊದಲೇ ತಿಳಿಸಿ ಮಲಗಿಕೊಂಡು ಕೊಡಿರಿ. ಸೂಜಿ ತೆಗೆದ ಮೇಲೆ ಎಲ್ಲರೂ ಮಾಡುವಂತೆ ಮೊಣಕೈ ಮಡಿಸಬೇಡಿ. ತೋಳು ನೆಟ್ಟಗೆ ಚಾಚಿ, ಹತ್ತಿಯನ್ನು ಉಜ್ಜದೆ ಮೂರು ನಾಲ್ಕು ನಿಮಿಷ ಒತ್ತಿ ಹಿಡಿದರೆ ನೀಲಿಗಟ್ಟುವುದಿಲ್ಲ. ಮತ್ತು ಅಂದು ಸಂತೆ ಮುಗಿಸಿ ಊರಿಗೆ ಹೋಗುವಾಗ ಗೊಬ್ಬರದ ಚೀಲವನ್ನು ಬೇರೆ ಕೈಗೆ ಕೊಡಿರಿ.